ಪ್ರಯಾಣದ ಕಾಫಿಪಾತ್ರೆಯ ವಿಚಾರ

ಮೈದುನ: ಬರುವ ಸೋಮವಾರದಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿಯ ಹೊತ್ತಿಗೆ ಮೈಸೂರಿಗೆ ಮರಳುವ ಬಾಳು ನನ್ನದಾಗುವುದರಿಂದ, ಮನೆಯ ಕಾಫಿಯನ್ನು ಆರದಂತೆ ಕೊಂಡೊಯ್ಯಲು ಒಂದು ಪಾತ್ರೆ ಬೇಕೆಂದು ನಿನ್ನೆ ದೇವರಾಜ ಅರಸು ರಸ್ತೆಯ ಅಂಗಡಿಗಳನ್ನೆಲ್ಲ ಹೊಕ್ಕು ಹೊರಟೆ, ಅತ್ತಿಗೆ. ಒಂದರ ಮೇಲೆ 6 ಗಂಟೆ ಬಿಸಿಯೆಂದು ಬರೆದಿದ್ದರೆ ಅದರ ಪಕ್ಕದ್ದರ ಮೇಲೆ 12, ಅದರಾಚೆಯದರ ಮೇಲೆ 24. ಹರಾಜಿನ ಕೂಗು ಕೇಳಿದಂತಾಯಿತು.

ಅತ್ತಿಗೆ: ಯಾವುದನ್ನು ಕೊಂಡೆ?

ಮೈದುನ: ಯಾವುದನ್ನೂ ಇಲ್ಲ. ಆಯುಷ್ಯವೆಲ್ಲ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದವರು ಮನೆಯಲ್ಲೇ ಇರುವಾಗ ಅಂಗಡಿಯ ಹುಡುಗನ ಮಾತಿಗೆ ಹಣ ಸುರಿಯುವುದೇಕೆಂದು ಬರಿಗೈಯಲ್ಲಿ ಬಂದೆ.

ಅತ್ತಿಗೆ: ಒಳ್ಳೆಯದಾಯಿತು. ಗಂಟೆಗಳನ್ನು ಬರೆದು ತಾಪಮಾನವನ್ನು ಬರೆಯದ ಪಾತ್ರೆ ನಮಗೆ ಯಾವ ಮಾತನ್ನೂ ಕೊಟ್ಟಂತಾಗಲಿಲ್ಲ. 24 ಗಂಟೆಗಳ ಅನಂತರ ಒಳಗಿನ ನೀರು ಕೋಣೆಯ ಗಾಳಿಗಿಂತ ನಾಲ್ಕು ಡಿಗ್ರಿ ಹೆಚ್ಚಿದ್ದರೂ ಅದನ್ನು ಬಿಸಿಯೆಂದೇ ವಾದಿಸಬಹುದು. ಜಪಾನಿನ ತಯಾರಕರಲ್ಲಿ ಈ ವಿಷಯದಲ್ಲಿ ಒಂದು ಸತ್ಸಂಪ್ರದಾಯವುಂಟು: 95 ಡಿಗ್ರಿಯ ನೀರನ್ನು ತುಂಬಿ, 20 ಡಿಗ್ರಿಯ ಕೋಣೆಯಲ್ಲಿಟ್ಟು, 6 ಗಂಟೆಗಳಾದ ಮೇಲೆ ಇಂತಿಷ್ಟು ಡಿಗ್ರಿಗೆ ಕಡಮೆಯಾಗದಂತೆ ಉಳಿಯುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುತ್ತಾರೆ. ಅಂಥ ಅಂಕಿ ಕಂಡರೆ ಓದು. ಕಾಣದಿದ್ದರೆ ಗಂಟೆಯ ಲೆಕ್ಕವನ್ನು ಅಂಗಡಿಯಲ್ಲಿಯೇ ಬಿಟ್ಟು ಬಾ. ಅದಿರಲಿ, ಇಪ್ಪತ್ತನಾಲ್ಕು ಗಂಟೆಯ ಬಿಸಿ ನಿನಗೇತಕ್ಕೆ? ಇಡೀ ಮಾರ್ಗವೇ ಸುಮಾರು 140 ಕಿಲೋಮೀಟರು. ನೀನೋ ಮಂಡ್ಯ ದಾಟುವುದರೊಳಗೆ ಕುಡಿದು ಮುಗಿಸತಕ್ಕವನು.

ಮೈದುನ: ಅದು ನಿಜ. ಆದರೆ ನನಗೆ ಮೂಲದಲ್ಲಿಯೇ ಒಂದು ಸಂಶಯವಿದೆ. ನಮ್ಮ ಕಾಫಿಗೆ ಹಿರಿಯರು ಒಪ್ಪಿದ ಪಾತ್ರೆ ಲೋಟ ಮತ್ತು ಬಟ್ಟಲು. ತೆಳುವಾದ ಲೋಹ, ಹೊರಕ್ಕೆ ಬಾಗಿದ ಅಂಚು, ಅಗಲವಾದ ಬಾಯಿ, ಮೊಳದೆತ್ತರದಿಂದ ಒಂದರಿಂದ ಇನ್ನೊಂದಕ್ಕೆ ಎತ್ತಿ ಹುಯ್ಯಲು ಅನುಕೂಲವಾದ ಆಕಾರ: ಇವಿಷ್ಟೂ ಕಾಫಿಯನ್ನು ಬೇಗನೆ ಆರಿಸಲೆಂದೇ ಸಂಕಲ್ಪಿತವಾದಂತಿವೆ. ಹೀಗಿರುವಲ್ಲಿ, ಆರುವುದನ್ನೇ ತಡೆಯತಕ್ಕ ಪಾತ್ರೆಯೊಳಗೆ ಅದೇ ಕಾಫಿಯನ್ನು ತುಂಬುವುದು ಅದರ ಸ್ವಭಾವಕ್ಕೆ ವಿರೋಧವಾದ ಕಾರ್ಯವಲ್ಲವೇ?

ಅತ್ತಿಗೆ: ಸಂಶಯ ಸಾಧುವಾದುದೇ, ಮತ್ತು ಪಾತ್ರೆಯನ್ನು ಆರಿಸುವ ದಾರಿಯೂ ಅದರಲ್ಲೇ ಇದೆ. ಲೋಟವನ್ನು ಕೈಗೆತ್ತಿಕೊಂಡ ಕ್ಷಣವೇ ಕಾಫಿ ಎಷ್ಟು ಬಿಸಿಯಾಗಿದೆಯೆಂಬುದು ತುಟಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಬೆರಳು ತಾಳದಿದ್ದುದನ್ನು ನಾಲಗೆ ಮುಟ್ಟಲು ಹೋಗುವುದಿಲ್ಲ. ನೀನು ಕೊಳ್ಳಹೊರಟ ಪಾತ್ರೆಯಾದರೋ ಒಳಗೆ ಎಂಬತ್ತು ಡಿಗ್ರಿಯ ದ್ರವವನ್ನಿಟ್ಟುಕೊಂಡು ಹೊರಗೆ ತಣ್ಣಗೆ, ಏನೂ ಅರಿಯದಂತೆ ಕುಳಿತಿರುತ್ತದೆ. ಮುಚ್ಚಳದ ಕಿರುಗಂಡಿಯಿಂದ ಹಬೆಯೂ ಕಾಣುವುದಿಲ್ಲ. ರೈಲು ಅಲುಗಿದಾಗ ಒಂದು ಗುಟುಕು ಹೆಚ್ಚಾಗಿ ಬಂತೆಂದರೆ ಆ ದಿನವೆಲ್ಲ ನಾಲಗೆಗೆ ರುಚಿಯಿಲ್ಲ. 65 ಡಿಗ್ರಿಗೆ ಮೇಲ್ಪಟ್ಟ ಪಾನೀಯಗಳನ್ನು ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿತು. ಅಲ್ಲಿ ದೋಷ ಕಾಫಿಯದಲ್ಲ, ತಾಪದ್ದು. ಆದುದರಿಂದ ಮನೆಯಲ್ಲಿ ಲೋಟ ಬಟ್ಟಲುಗಳ ಕೆಲಸವನ್ನು ಮುಗಿಸಿ, ನಾಲ್ಕಾರು ಬಾರಿ ಎತ್ತಿ ಹುಯ್ದು, ಕುಡಿಯುವ ಹದಕ್ಕಿಂತ ತುಸು ಮೇಲಿರುವಾಗ ಪಾತ್ರೆಗೆ ತುಂಬು. ಆರಿಸುವುದು ಹಳೆಯ ಪಾತ್ರೆಯ ಧರ್ಮ, ಆರಿದ್ದನ್ನು ಅಲ್ಲಿಗೇ ನಿಲ್ಲಿಸುವುದು ಹೊಸದರ ಧರ್ಮ. ಎರಡಕ್ಕೂ ವಿರೋಧವಿಲ್ಲ.

ಮೈದುನ: ನಿಲ್ಲಿಸುವ ಈ ವಿದ್ಯೆ ಯಾರದು? ಕಾಫಿಪ್ರಿಯನಾದ ಯಾವನೋ ಕಂಡುಹಿಡಿದಿರಬೇಕು.

ಅತ್ತಿಗೆ: ಬಿಸಿಯ ಯೋಚನೆಯೇ ಇಲ್ಲದವನು. ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂಅರ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ವಾಯುವನ್ನು ದ್ರವವಾಗಿಸುವ ಪ್ರಯೋಗಗಳಲ್ಲಿ ಮುಳುಗಿದ್ದ ಕಾಲ; ಸೊನ್ನೆಗಿಂತ ನೂರ ತೊಂಬತ್ತು ಡಿಗ್ರಿಗೂ ಕೆಳಗಿನ ಆ ದ್ರವ ಕೋಣೆಯ ಸಾಧಾರಣ ಶಾಖಕ್ಕೇ ಕುದಿದು ಹಾರಿಹೋಗುತ್ತಿದ್ದುದರಿಂದ, 1892ರಲ್ಲಿ ಆತ ಒಂದರೊಳಗೊಂದಾಗಿ ಎರಡು ಗಾಜಿನ ಗೋಡೆಗಳನ್ನು ನಿಲ್ಲಿಸಿ, ನಡುವಣ ಗಾಳಿಯನ್ನು ಹೊರಗೆಳೆದು, ಬಾಯಿಯನ್ನು ಬೆಸೆದ ಪಾತ್ರೆಯನ್ನು ಮಾಡಿಸಿದ. ಶಾಖ ಹರಿಯಲು ಮೂರು ಮಾರ್ಗಗಳುಂಟೆಂದು ಶಾಲೆಯಲ್ಲಿ ಓದಿದ್ದೀಯಲ್ಲ, ವಹನ, ಸಂವಹನ, ವಿಕಿರಣ. ಮೊದಲೆರಡಕ್ಕೂ ಯಾವುದಾದರೊಂದು ವಸ್ತುವಿನ ಆಸರೆ ಬೇಕು, ನಿರ್ವಾತದಲ್ಲಿ ಅದಿಲ್ಲ. ಮೂರನೆಯದಕ್ಕೆ ಗಾಜಿನ ಮೇಲೆ ಬೆಳ್ಳಿಯ ಲೇಪ ಕೊಟ್ಟು ಕನ್ನಡಿಯಂತೆ ಹಿಂದಿರುಗಿಸಿದ. ಒಳಗಿನ ತಂಪನ್ನು ಕಾಯುವುದೆಂದರೆ ಹೊರಗಿನ ಬಿಸಿಯನ್ನು ತಡೆಯುವುದೇ ತಾನೇ. ಆ ತಡೆ ಎರಡು ದಿಕ್ಕಿಗೂ ಸಮಾನವೆಂಬುದನ್ನು ಮಾರಾಟದ ವಸ್ತುವಾಗಿ ಕಂಡವರು ಜರ್ಮನಿಯವರು. ಗಾಜಿನ ಕೆಲಸಗಾರನಾದ ರೈನ್‌ಹೋಲ್ಡ್ ಬರ್ಗರ್ ಮುಂದಾಗಿ 1904ರಲ್ಲಿ ಥರ್ಮಾಸ್ ಎಂಬ ಹೆಸರಿನ ಕಂಪನಿ ಸ್ಥಾಪಿತವಾಯಿತು. ಡ್ಯೂಅರ್ ಪೇಟೆಂಟ್ ಪಡೆದಿರಲಿಲ್ಲ. ಲಾಭವೂ ಅವನಿಗೆ ಬರಲಿಲ್ಲ. ಗಾಜನ್ನು ಬಿಟ್ಟು ಪೂರ್ತಿ ಉಕ್ಕಿನಲ್ಲಿಯೇ ಅದನ್ನು ಮಾಡಿದವನು ಅಮೆರಿಕದ ವಿಲಿಯಂ ಸ್ಟ್ಯಾನ್ಲಿ, 1913ರಲ್ಲಿ. ನಿನ್ನ ಅಂಗಡಿಯ ಕಪಾಟಿನಲ್ಲಿರುವುದೆಲ್ಲ ಆ ವಂಶದ್ದು.

ಮೈದುನ: ಒಂದೇ ವಂಶವಾದ ಮೇಲೆ ಬೆಲೆಯಲ್ಲಿ ಇಷ್ಟು ಅಂತರವೇಕೆ? ಇನ್ನೂರು ಚಿಲ್ಲರೆಯದೂ ಇದೆ, ಎರಡು ಸಾವಿರ ದಾಟಿದ್ದೂ ಇದೆ.

ಅತ್ತಿಗೆ: ಇನ್ನೂರರದು ಆ ವಂಶಕ್ಕೆ ಸೇರಿರಲಾರದು. ಎರಡು ಗೋಡೆಯೆಂದು ಬರೆದ ಮಾತ್ರಕ್ಕೆ ನಡುವೆ ನಿರ್ವಾತವಿದೆಯೆಂದು ತಿಳಿಯಬೇಡ. ಎಷ್ಟೋ ಪಾತ್ರೆಗಳಲ್ಲಿ ಒಳಗೆ ಉಕ್ಕು, ಹೊರಗೆ ಪ್ಲಾಸ್ಟಿಕ್ಕು, ನಡುವೆ ಬರೀ ಗಾಳಿ. ವ್ಯಾಕ್ಯೂಮ್ ಎಂಬ ಮಾತು ಸ್ಪಷ್ಟವಾಗಿರಬೇಕು. ಉಕ್ಕಿನ ಫ್ಲಾಸ್ಕುಗಳಿಗೆ ನಮ್ಮ ಮಾನಕ ಸಂಸ್ಥೆಯ ಐ.ಎಸ್. 17526 ಎಂಬ ಮಾನಕವಿದೆ. ತಳದಲ್ಲಿಯೋ ಪೆಟ್ಟಿಗೆಯ ಮೇಲೆಯೋ ಐಎಸ್‌ಐ ಗುರುತಿನ ಜೊತೆಗೆ ಆ ಸಂಖ್ಯೆಯನ್ನು ಹುಡುಕು. ಉಕ್ಕು 304ನೆಯ ದರ್ಜೆಯದಾಗಿರಲಿ, ಎಂದರೆ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲ್ ಸೇರಿದ್ದು. ಅಂಗಡಿಯವನು ಅಯಸ್ಕಾಂತ ಹಿಡಿದು, ನೋಡಿ ಅಂಟುವುದಿಲ್ಲ, ಇದು ಅಪ್ಪಟ 304 ಎಂದರೆ ನಕ್ಕು ಸುಮ್ಮನಾಗು. ನಿಕ್ಕಲ್ಲಿನ ಪಾಲು ತಗ್ಗಿಸಿ ಮ್ಯಾಂಗನೀಸ್ ಹೆಚ್ಚಿಸಿದ ಅಗ್ಗದ 201ಕ್ಕೂ ಅದು ಅಂಟುವುದಿಲ್ಲ. ಅತ್ತ ನಿಜವಾದ 304ನ್ನೇ ಎಳೆದು ಬಾಗಿಸಿದ ಜಾಗದಲ್ಲಿ ಒಂದಿಷ್ಟು ಅಂಟಿದರೂ ಅಂಟೀತು.

ಮೈದುನ: ನಿರ್ವಾತವಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ಕಾಣುವಂತಿಲ್ಲವಲ್ಲ.

ಅತ್ತಿಗೆ: ಕೈಯಿಂದ ಕಾಣಬಹುದು. ಮನೆಗೆ ತಂದ ದಿನವೇ ಕುದಿಯುವ ನೀರನ್ನು ತುಂಬಿ, ಹತ್ತು ನಿಮಿಷ ಬಿಟ್ಟು, ಹೊರಮೈಯನ್ನೂ ತಳವನ್ನೂ ಸವರಿ ನೋಡು. ಬಾಯಿಯ ಸುತ್ತ ಬೆಚ್ಚಗಿದ್ದರೆ ದೋಷವಲ್ಲ. ಒಳಗೋಡೆ ಹೊರಗೋಡೆಗಳು ಕೂಡುವುದು ಅಲ್ಲಿಯೇ ಆದುದರಿಂದ ಉಕ್ಕಿನ ಮೂಲಕ ಅಲ್ಲಿ ಒಂದಿಷ್ಟು ಶಾಖ ಹರಿಯುತ್ತದೆ. ತಾಮ್ರಕ್ಕೆ ಹೋಲಿಸಿದರೆ ಈ ಉಕ್ಕಿನ ವಾಹಕತೆ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟು; ಆ ಕಾರಣಕ್ಕೇ ಉಕ್ಕು ಈ ಕೆಲಸಕ್ಕೆ ಒದಗಿತು. ಆದರೆ ಹೊಟ್ಟೆಯ ಭಾಗವೋ ತಳವೋ ಬಿಸಿಯಾದರೆ ಬೆಸುಗೆ ಬಿಟ್ಟು ಗಾಳಿ ಒಳಹೊಕ್ಕಿದೆಯೆಂದು ತಿಳಿದು, ಬಿಲ್ಲನ್ನು ಹಿಡಿದು ಹಿಂದಿರುಗಿಸಿ ಬಾ. ಈ ಪರೀಕ್ಷೆಯಲ್ಲಿ ಗೆದ್ದ ಪಾತ್ರೆಗಳಲ್ಲಿ, ಗೋಡೆಯ ಮಟ್ಟಿಗೆ ಹೇಳುವುದಾದರೆ, ನಿನ್ನ ಎರಡು ಗಂಟೆಯ ಪಯಣಕ್ಕೆ ಹೆಚ್ಚು ಕಡಮೆಯೇನೂ ಕಾಣದು. ಪಾತ್ರೆ ಪಾತ್ರೆಗೆ ನಿಜವಾದ ಭೇದವಿರುವುದು ಮುಚ್ಚಳದಲ್ಲಿ.

ಮೈದುನ: ಮುಚ್ಚಳವನ್ನು ನಾನು ನೋಡಲೇ ಇಲ್ಲ, ಬಣ್ಣವನ್ನು ನೋಡಿದೆ.

ಅತ್ತಿಗೆ: ಎಲ್ಲರೂ ಹಾಗೆಯೇ. ನೀರು ಆವಿಯಾಗಬೇಕಾದರೆ ಕುದಿಯುವ ತಾಪದಲ್ಲಿ ಪ್ರತಿ ಗ್ರಾಮಿಗೆ ಸುಮಾರು 540 ಕ್ಯಾಲೊರಿ ಶಾಖ ಬೇಕು, ಅದಕ್ಕಿಂತ ಕೆಳಗಿನ ತಾಪದಲ್ಲಿ ಇನ್ನಷ್ಟು. 350 ಮಿಲಿಲೀಟರ್ ಕಾಫಿಯಿಂದ ಒಂದೇ ಒಂದು ಗ್ರಾಂ ಹಬೆಯಾಗಿ ಹೊರಟುಹೋಯಿತೆಂದರೆ ಉಳಿದ ಕಾಫಿ ಒಂದೂವರೆ ಡಿಗ್ರಿ ಇಳಿಯಿತೆಂದೇ ಲೆಕ್ಕ. ಗೋಡೆಯಲ್ಲಿ ಎಷ್ಟೇ ಪರಿಪೂರ್ಣವಾದ ನಿರ್ವಾತವಿದ್ದರೂ ಬಾಯಿ ತೆರೆದಿಟ್ಟರೆ ಅದು ವ್ಯರ್ಥ. ಮುಚ್ಚಳಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಂಡಿದ್ದೇನೆ. ಮೇಲೆ ಒತ್ತಿ ಕೂರಿಸಿ, ಸಣ್ಣ ಪಟ್ಟಿಯೊಂದನ್ನು ಹಿಂದಕ್ಕೆ ಜಾರಿಸಿ ಕುಡಿಯುವಂಥದು ಮೇಜಿನ ಮೇಲಿಟ್ಟುಕೊಳ್ಳುವವರಿಗೆ ಸರಿ. ತುಳುಕನ್ನು ತಡೆಯುತ್ತದೆಯೇ ಹೊರತು ಮಲಗಿಸಿದರೆ ಸೋರುತ್ತದೆ. ನಿನ್ನ ಚೀಲದಲ್ಲಿ ಲ್ಯಾಪ್‌ಟಾಪೂ ಕಾಗದಪತ್ರಗಳೂ ಇರುವುದರಿಂದ ಅದು ಸಲ್ಲದು. ಗುಂಡಿಯನ್ನು ಒತ್ತಿ ಒಂದೇ ಕೈಯಲ್ಲಿ ಕುಡಿಯುವಂಥದು ಕಾರು ಓಡಿಸುವವರಿಗೆ ಪ್ರಿಯವಾದದ್ದು. ಸೋರುವುದಿಲ್ಲ, ಆದರೆ ಒಳಗೆ ಸ್ಪ್ರಿಂಗು, ಕವಾಟ, ಸಂದುಗಳು. ಮೂರನೆಯದು ಬರಿಯ ತಿರುಪಿನ ಮುಚ್ಚಳ. ತಾಳು, ಒಂದು ವಸ್ತುವನ್ನು ತೋರಿಸುತ್ತೇನೆ. ಆ ಮೇಲಿನ ಗೂಡಿನಲ್ಲಿ ಗುಂಡಿಯ ಮುಚ್ಚಳದ ನೀಲಿಯದೊಂದಿದೆ, ತೆಗೆ. ನಿಮ್ಮಣ್ಣ ನಿವೃತ್ತರಾದ ದಿನ ಕಚೇರಿಯವರು ಕೊಟ್ಟದ್ದು.

ಮೈದುನ: ಹೊಸದರಂತೆಯೇ ಇದೆಯಲ್ಲ! ಅಣ್ಣ ಇದನ್ನು ಉಪಯೋಗಿಸುವುದೇ ಇಲ್ಲವೇ?

ಅತ್ತಿಗೆ: ಮುಚ್ಚಳ ತೆಗೆದು ಮೂಸು.

ಮೈದುನ: ಶಿವ ಶಿವಾ! ಒಡೆದ ಹಾಲು.

ಅತ್ತಿಗೆ: ಪಾತ್ರೆಯ ಒಳಗೆ ನೋಡು, ಫಳಫಳನೆ ಹೊಳೆಯುತ್ತಿದೆ, ದುರ್ಗಂಧ ಅಲ್ಲಿಯದಲ್ಲ. ಆ ಹೇರ್‌ಪಿನ್ನನ್ನು ಇತ್ತ ಕೊಡು. ಮುಚ್ಚಳದ ಒಳಸುತ್ತಿನಲ್ಲಿ ಕುಳಿತಿರುವ ಈ ಸಿಲಿಕೋನಿನ ಉಂಗುರವನ್ನು ಹೀಗೆ ಒಂದು ಅಂಚಿನಿಂದ ಮೀಟಿ ಎಬ್ಬಿಸಿದರೆ... ಕಂಡೆಯಾ? ಉಂಗುರದ ಬೆನ್ನಿಗೆ ಹತ್ತಿಕೊಂಡ ಹಳದಿಯ ಪೊರೆ, ಅದು ಕೂರುವ ತೋಡಿನಲ್ಲಿ ಮೊಸರಿನ ಚರಟದಂಥ ಮೆತ್ತನೆಯ ಪದರ, ಅಲ್ಲಲ್ಲಿ ಒಂದೆರಡು ಕಪ್ಪು ಚುಕ್ಕೆ. ಪ್ರತಿದಿನವೂ ತೊಳೆದದ್ದೇ. ಉಂಗುರ ಬಿಚ್ಚಿ ಬರುತ್ತದೆಂಬುದು ಯಾರಿಗೂ ಹೊಳೆದಿರಲಿಲ್ಲ. ಗುಂಡಿಯ ಕೆಳಗಿನ ಕವಾಟವಂತೂ ಬಿಚ್ಚುವಂತೆಯೇ ಇಲ್ಲ. ಅದರೊಳಗೆ ಏನಿದೆಯೋ ದೇವರೇ ಬಲ್ಲ. ಕಪ್ಪು ಕಾಫಿ ಕುಡಿಯುವ ದೇಶಗಳಲ್ಲಿ ಯೋಚಿಸಿ ಮಾಡಿದ ಮುಚ್ಚಳವನ್ನು ನಾವು ಗಟ್ಟಿಹಾಲಿನ ಕಾಫಿಗೆ ಬಳಸಿದಾಗ ಆಗುವುದು ಇದು. ಆದುದರಿಂದ ನನ್ನ ಮೊದಲನೆಯ ನಿಯಮ: ಕೈಯಿಂದ ಪೂರ್ತಿಯಾಗಿ ಬಿಚ್ಚಿ ಜೋಡಿಸಲಾಗದ ಮುಚ್ಚಳದ ಪಾತ್ರೆಯನ್ನು, ಅದು 24 ಗಂಟೆಯಲ್ಲ 48 ಗಂಟೆ ಬಿಸಿಯಾಗಿಟ್ಟರೂ, ಹಾಲಿನ ಕಾಫಿಗೆ ಕೊಳ್ಳಬಾರದು.

ಮೈದುನ: ಹಾಗಾದರೆ ಹಾಲನ್ನೇ ಬಿಟ್ಟು ಡಿಕಾಕ್ಷನ್ನನ್ನು ಮಾತ್ರ ಕೊಂಡೊಯ್ದರೆ?

ಅತ್ತಿಗೆ: ಚಿಕೋರಿ ಬೆರೆತ ನಮ್ಮ ಡಿಕಾಕ್ಷನ್ನನ್ನು ಬರಿದಾಗಿ ಕುಡಿಯುವ ಧೈರ್ಯ ನಿನಗಿದೆಯೇ? ಇದ್ದರೆ ಪಾತ್ರೆಗಳ ಅರ್ಧ ಸಮಸ್ಯೆ ಅಲ್ಲಿಗೇ ತೀರಿತು. ಆದರೂ ಒಂದು ಮಾತು: ಬಿಸಿಯಲ್ಲಿ ಬಹಳ ಹೊತ್ತು ಉಳಿದ ಡಿಕಾಕ್ಷನ್ ಕೆಡುವುದಿಲ್ಲವೆಂದಲ್ಲ. ಕಾಫಿಯಲ್ಲಿರುವ ಕ್ಲೋರೊಜೆನಿಕ್ ಆಮ್ಲಗಳು ತಾಪದಲ್ಲಿ ಒಡೆದು ಕ್ವಿನಿಕ್, ಕೆಫೀಕ್ ಎಂಬ ಆಮ್ಲಗಳಾಗುತ್ತ ಹೋಗುತ್ತವೆ. ಹೋಟೆಲಿನ ಒಲೆಯ ಮೇಲೆ ಮಧ್ಯಾಹ್ನದವರೆಗೆ ಕಾದು ಕುಳಿತ ಡಿಕಾಕ್ಷನ್ನಿನ ಆ ಕಟುವಾದ ಹುಳಿ ಅಲ್ಲಿಂದ ಬಂದುದು. ಪರಿಮಳವೂ ಅಷ್ಟರಲ್ಲಿ ಹಾರಿರುತ್ತದೆ. ಪಾತ್ರೆ ಶಾಖವನ್ನು ಸೆರೆಹಿಡಿಯಬಲ್ಲದು, ಕಾಲವನ್ನಲ್ಲ; ಹೆಚ್ಚು ಹೊತ್ತು ಬಿಸಿಯಾಗಿಡುವ ಪಾತ್ರೆ ಕಾಫಿಯನ್ನು ಹೆಚ್ಚು ಹೊತ್ತು ಬೇಯಿಸುತ್ತದೆಂದೂ ಹೇಳಬಹುದು. ಇನ್ನು ಹಾಲು ಬೆರೆತದ್ದಾದರೆ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಅದರಲ್ಲಿ ಸೂಕ್ಷ್ಮಜೀವಿಗಳಿಗೆ ಸುಗ್ಗಿ. ತುಂಬಿ ಎರಡು ಗಂಟೆಯೊಳಗೆ ಮುಗಿಸು. ಉಳಿದರೆ ಚೆಲ್ಲು, ಸಂಜೆಯ ರೈಲಿಗೆಂದು ಕಾಯ್ದಿಡಬೇಡ.

ಮೈದುನ: ಚೆಲ್ಲುವ ಮಾತು ನಿಮ್ಮ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಗಾತ್ರವನ್ನು ಹೇಗೆ ನಿಶ್ಚಯಿಸಲಿ? ಅರ್ಧ ಲೀಟರಿನದು ನೋಡಲು ಗಂಭೀರವಾಗಿತ್ತು. ಬೇಕಾದಷ್ಟು ಮಾತ್ರ ತುಂಬಿದರಾಯಿತು ಎನ್ನಿಸಿತು.

ಅತ್ತಿಗೆ: ಅದರಲ್ಲಿಯೇ ಮೋಸ. ಒಳಗೋಡೆಯ ಉಕ್ಕು 100 ಗ್ರಾಮಿನಷ್ಟಿದೆಯೆಂದಿಟ್ಟುಕೊಳ್ಳೋಣ. 80 ಡಿಗ್ರಿಯ ಕಾಫಿಯನ್ನು ತಣ್ಣನೆಯ ಪಾತ್ರೆಗೆ ಹುಯ್ದಾಗ, 350 ಮಿಲಿಲೀಟರ್ ಇದ್ದರೆ ಉಕ್ಕನ್ನು ಬಿಸಿಮಾಡುವುದರಲ್ಲಿ ಅದು ಕಳೆದುಕೊಳ್ಳುವುದು ಎರಡು ಡಿಗ್ರಿಗೂ ಕಡಮೆ. ಒಂದು ಲೋಟದಷ್ಟೇ, 120 ಮಿಲಿಲೀಟರ್ ಹುಯ್ದರೆ ಐದು ಡಿಗ್ರಿ. ಮುಂದೆಯೂ ಹಾಗೆಯೇ, ಕೊಂಚ ಕಾಫಿ ದೊಡ್ಡ ಪಾತ್ರೆಯೊಳಗೆ ಬೇಗ ಆರುತ್ತದೆ, ಕಂಠದವರೆಗೆ ತುಂಬಿದ್ದು ನಿಧಾನವಾಗಿ. ಮೊದಲು ಕುದಿನೀರು ಹಾಕಿ ಪಾತ್ರೆಯನ್ನು ಬೆಚ್ಚಗೆ ಮಾಡಿಕೊಳ್ಳಬೇಕೆಂದು ಎಲ್ಲರೂ ಉಪದೇಶಿಸುವುದುಂಟು. ತುಂಬಿದ ಪಾತ್ರೆಗೆ ಅದರಿಂದ ದೊರೆಯುವ ಲಾಭ ಆ ಎರಡು ಡಿಗ್ರಿಯೇ, ಬೆಳಗಿನ ಅವಸರದಲ್ಲಿ ಮರೆತರೂ ಪ್ರಮಾದವೇನಿಲ್ಲ. ನೀನು ಮನೆಯಲ್ಲಿ ಎಷ್ಟು ಕುಡಿಯುತ್ತೀಯೆ?

ಮೈದುನ: ಒಂದು ಲೋಟ. ನಂತರ ಅಣ್ಣನೊಡನೆ ಬೈಟೂ.

ಅತ್ತಿಗೆ: ಎಂದರೆ ಇನ್ನೂರಕ್ಕೆ ಕೊಂಚ ಕಡಮೆ. ಇನ್ನೂರರಿಂದ ಇನ್ನೂರೈವತ್ತರ ಪಾತ್ರೆ ಸಿಕ್ಕಿದರೆ ಸರ್ವೋತ್ತಮ, ಸಿಕ್ಕದಿದ್ದರೆ 350. ಅದಕ್ಕೆ ಮೇಲೆ ಹೋಗಬೇಡ. ನಮ್ಮ ಕಾಫಿ ಒಂದು ಲೋಟಕ್ಕೆ ಗಟ್ಟಿಯಾದದ್ದು. ಅರ್ಧ ಲೀಟರು ತುಂಬಿಕೊಂಡು ಹೊರಟವನು ಒಂದೋ ಅದನ್ನು ನೀರು ಮಾಡಿರಬೇಕು, ಇಲ್ಲವೇ ಮದ್ದೂರು ತಲುಪುವ ಹೊತ್ತಿಗೆ ಕೈ ನಡುಗುತ್ತಿರಬೇಕು.

ಮೈದುನ: ಮದ್ದೂರಿನಲ್ಲಿ ಹೇಗೂ ವಡೆಯಿದೆ.

ಅತ್ತಿಗೆ: ವಡೆಗೆ ನನ್ನ ಆಕ್ಷೇಪಣೆಯಿಲ್ಲ. ಮತ್ತೆ ಪಾತ್ರೆಯ ಮಾತಿಗೆ ಬಂದರೆ, ಒಳಗೆ ಪಿಂಗಾಣಿಯಂಥ ಲೇಪ ಕೊಟ್ಟವು ಈಗ ಬಂದಿವೆ, ಉಕ್ಕಿನ ವಾಸನೆ ಕಾಫಿಗೆ ಹತ್ತುತ್ತದೆಂಬವರಿಗಾಗಿ. ಉಕ್ಕಿನ ಲೋಟದಲ್ಲೇ ಬೆಳೆದ ನಮಗೆ ಆ ದೂರು ಹೊಸದು. ಅದನ್ನು ಬಿಡು.

ಮೈದುನ: ಆದರೆ ನೊರೆ, ಅತ್ತಿಗೆ? ಎತ್ತಿ ಹುಯ್ದ ನೊರೆಯ ಮೂಲಕ ಬರುವ ಘಮ ಆ ಸೂಜಿಬಾಯಿಯಿಂದ ಹೇಗೆ ಬಂದೀತು? ನಿಮ್ಮ ನಿಯಮಗಳನ್ನೆಲ್ಲ ಪಾಲಿಸಿ ಕೊಂಡ ಪಾತ್ರೆಯಲ್ಲೂ ಕುಡಿಯುವುದು ಕಾಫಿಯ ಅರ್ಧವನ್ನು ಮಾತ್ರವೇ ಎಂದು ನನಗೆ ತೋರುತ್ತದೆ.

ಅತ್ತಿಗೆ: ನೊರೆ ಉಳಿಯುವುದಿಲ್ಲ; ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಘಮಕ್ಕೆ ಇದೆ. ಅದಕ್ಕಾಗಿಯೇ ಮೂರನೆಯ ಬಗೆಯ ಮುಚ್ಚಳವನ್ನು ಎತ್ತಿ ಹೇಳಿದ್ದು. ತಿರುಪು ಬಿಚ್ಚಿ ಪೂರ್ತಿಯಾಗಿ ತೆಗೆದರೆ ಲೋಟದಷ್ಟೇ ತೆರೆದ ಬಾಯಿ, ಮೂಗಿಗೂ ಅದರ ಪಾಲು ಸಲ್ಲುತ್ತದೆ. ಎಷ್ಟು ಬಿಸಿಯಿದೆಯೆಂದು ಹಬೆಯೇ ಹೇಳುತ್ತದೆ. ಅಂಚು ನಯವಾಗಿ ಹೊರಳಿದೆಯೇ, ತಿರುಪಿನ ಎಳೆ ತುಟಿಗೆ ತಗಲುತ್ತದೆಯೇ ಎಂದು ಅಂಗಡಿಯಲ್ಲೇ ಬೆರಳಾಡಿಸಿ ನೋಡು. ಕೆಲವರು ಎಳೆಯನ್ನು ಹೊರಗಡೆ ಕೊರೆದಿರುತ್ತಾರೆ, ಅದು ತುಟಿಯನ್ನು ಕೆರೆಯುತ್ತದೆ; ಒಳಗಡೆ ಇದ್ದರೆ ಹಿತ. ರೈಲು ಅಲುಗುವಾಗ ಹೀಗೆ ಬಾಯ್ದೆರೆದ ಪಾತ್ರೆ ತುಳುಕೀತೆಂಬುದನ್ನು ಒಪ್ಪುತ್ತೇನೆ. ನಿಲ್ದಾಣದಲ್ಲಿ ನಿಂತಾಗ ಕುಡಿ. ಆತುರವೇನು?

ಮೈದುನ: ತೊಳೆಯುವ ಕ್ರಮ?

ಅತ್ತಿಗೆ: ಕಚೇರಿ ತಲುಪಿದೊಡನೆ ಬರಿನೀರಿನಲ್ಲಿ ಕಲಕಿ ಚೆಲ್ಲಿ, ಮುಚ್ಚಳ ಹಾಕದೆ ಇಡು. ಮನೆಗೆ ಬಂದ ಮೇಲೆ ಉಂಗುರ ಬಿಚ್ಚಿ ಸೋಪು. ವಾರಕ್ಕೊಮ್ಮೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬಿಸಿನೀರು ತುಂಬಿ, ಮುಚ್ಚಳವನ್ನು ಬಿಗಿಯದೆ ರಾತ್ರಿಯೆಲ್ಲ ಬಿಟ್ಟರೆ ಡಿಕಾಕ್ಷನ್ನಿನ ಕಂದು ಕರೆ ಬಿಡುತ್ತದೆ. ತಂತಿಯ ಜಾಲರಿ ಹಾಕಿ ತಿಕ್ಕಬೇಡ. ಬ್ಲೀಚಿಂಗ್ ಪುಡಿಯನ್ನಂತೂ ಹತ್ತಿರಕ್ಕೂ ತರಬೇಡ, ಅದರ ಕ್ಲೋರಿನ್ನು ಈ ಉಕ್ಕನ್ನೂ ತೂತು ಮಾಡುತ್ತದೆ.

ಮೈದುನ: ಅಂಗಡಿಯಲ್ಲಿ ಮುಚ್ಚಳವನ್ನು ಬಿಚ್ಚಿ, ಉಂಗುರವನ್ನು ಮೀಟಿ, ಅಂಚಿಗೆ ಬೆರಳಾಡಿಸುತ್ತ ನಿಂತರೆ ಆ ಹುಡುಗ ಸುಮ್ಮನಿರುತ್ತಾನೆಯೇ?

ಅತ್ತಿಗೆ: ಸುಮ್ಮನಿರದಿದ್ದರೆ ಪಕ್ಕದ ಅಂಗಡಿಗೆ ಹೋಗು, ಆ ರಸ್ತೆಯಲ್ಲಿ ಅಂಗಡಿಗಳಿಗೇನು ಬರ? ಹಣ ಕೊಡುವ ಮುಂಚೆ ಬಿಡಿ ಉಂಗುರ ಸಿಕ್ಕುತ್ತದೆಯೇ ಎಂದು ಕೇಳು. ಸಿಕ್ಕಿದರೆ ಎರಡು ತಾ. ಈ ಮುಚ್ಚಳವನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ ಅದಕ್ಕೂ ಅಳತೆ ನೋಡು, ಹೊಂದಿದರೆ ನಿಮ್ಮಣ್ಣನ ಪಾತ್ರೆಯೂ ನೀರಿಗಾದರೂ ಬಂದೀತು. ಹೋಗುವ ಮುನ್ನ ಸೋಪು ಹಚ್ಚಿ ಕೈ ತೊಳೆದುಕೋ, ಹಾಲಿನ ವಾಸನೆ ಬಂದೀತು.